ಸುದ್ದಿ ಆಫೀಸಿನ ಇಬ್ಬರು

ದಿಬ್ಬಣದ ಬಸ್ಸಿನ ಕಿಟಕಿಯಿಂದ ಮದುಮಗಳ ಅಜ್ಜಿ ತಲೆ ಹೊರಗೆ ಹಾಕಿ ಬೈಯುತ್ತಿದ್ದಳು. ಯಾರನ್ನು ಬೈಯುತ್ತಿದ್ದೇನೆಂದು ಆಕೆಗೂ ಗೊತ್ತಿರಲಿಲ್ಲ. ರಾಜೇಶ್ವರಿಗೆ ಮಾತ್ರ ಗೊತ್ತಿತ್ತು. ಆ ಬೈಗುಳವೆಲ್ಲ ತನಗೇ ಸಲ್ಲಬೇಕಾದದ್ದು.

ಮನೋಳಿಯ ಹೊಳೆಸೇತುವೆಯ ಈಚೆ, ಗಾಳಿಪಂಕಾದ ಉದ್ದನೆಯ ರೆಕ್ಕೆ ಹೊತ್ತ ಟ್ರೇಲರ್ ತಿರುವಿನಲ್ಲಿ ಸಿಕ್ಕಿಕೊಂಡು ನಿಂತಿತ್ತು. ಹಿಂದೆ ಬಸ್ಸು, ಟ್ರ್ಯಾಕ್ಟರು, ಟಂಟಂ ರಿಕ್ಷಾ, ಎಮ್ಮೆ. ಸವದತ್ತಿ ಗುಡ್ಡದ ಮೇಲೆ ಗಾಳಿಯಿಂದ ವಿದ್ಯುತ್ ತೆಗೆಯುವ ಪಂಕಾ ನಿಲ್ಲಿಸುವ ಕಂಪನಿಯ ಬೈಲಹೊಂಗಲ ಕಚೇರಿಯಲ್ಲಿ ರಾಜೇಶ್ವರಿಯ ಕೆಲಸ. ಬಾಗಿಲ ಫಲಕದ ಮೇಲೆ 'ಕಾರ್ಪೊರೇಟ್ ಕಮ್ಯುನಿಕೇಶನ್ಸ್' ಎಂದಿದ್ದರೂ ಊರವರ ಬಾಯಲ್ಲಿ ಅದು 'ಸುದ್ದಿ ಆಫೀಸು'. ಯಾವ ದಿನ ಯಾವ ರಸ್ತೆ ಬಂದ್ ಎಂಬ ನೋಟೀಸು, ಪೇಪರಿಗೆ ಕೊಡುವ ಸುದ್ದಿ, ಕೇಬಲ್ ಟೀವಿಯ ಪ್ರಕಟಣೆ, ಕಂಪನಿಯ ಮಾಸಪತ್ರಿಕೆ, ಎಲ್ಲ ಅಲ್ಲಿಂದಲೇ. 2007ರ ಆ ಚಳಿಗಾಲದಲ್ಲಿ ಅವಳು ಪೇಪರಿಗೆ ಕೊಟ್ಟ ನೋಟೀಸಿನಲ್ಲಿ ಬುಧವಾರ ಎಂದಿತ್ತು. ಟ್ರೇಲರ್ ಬಂದದ್ದು ಮಂಗಳವಾರ. ಸುದ್ದಿ ತಿಳಿದು ಅವಳೇ ಓಡಿ ಬಂದಿದ್ದಳು.

ಧೂಳು ಮೆತ್ತಿದ ಶರ್ಟಿನವನೊಬ್ಬ ಡ್ರೈವರಿಗೆ ಕೈಸನ್ನೆ ಮಾಡುತ್ತ ಹಿಂದಕ್ಕೆ ಸರಿದವನು ಅವಳಿಗೆ ಢಿಕ್ಕಿ ಹೊಡೆಯುವುದರಲ್ಲಿದ್ದ.

"ಸರಿದು ನಿಲ್ಲರಿ ಅಕ್ಕಾರ! ಪೇಪರ್ ನೋಡಿ ಬಂದು ಸಿಕ್ಕೊಂಡ್ರೇನು ನೀವೂ?"

"ಹೌದ್ರಿ. ಯಾರು ಮಾಡಿದ್ರು ಈ ಗೊಂದಲಾ?"

"ಬೈಲಹೊಂಗಲದಾಗ ಒಬ್ಬ ಮೇಡಂ ಅದಾಳ್ರಿ. ಫ್ಯಾನಿನ ಕೆಳಗ ಕುಂತು 'ಬುಧವಾರ' ಅಂತ ಬರದು ಕಳಸ್ಯಾಳ. ನಾವಿಲ್ಲಿ ಮಂಗಳವಾರ ಅಂತ ಹಳ್ಳಿಹಳ್ಳಿಗೆ ಡಂಗುರ ಸಾರೀವಿ."

"ಸಾರೂದಕ್ಕಿಂತ ಮೊದಲ ಆಕಿಗೊಂದು ಮಾತು ತಿಳಸಬೇಕಿತ್ತಿಲ್ಲೋ?"

"ಈಮೇಲ್ ಮಾಡೇನ್ರಿ! ಆಕಿ ಓದಬೇಕಲ್ಲ?"

"ಓದತೇನ್ರಿ. ಕರೆಂಟ್ ಇದ್ದಾಗ."

ಅವನ ಎತ್ತಿದ ಕೈ ಅಲ್ಲೇ ನಿಂತಿತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಕೆನ್ನೆ. ಗುಡ್ಡದ ಸೈಟ್ ಆಫೀಸಿಗೆ ಹೊಸದಾಗಿ ಬಂದ ಗೌರೀಶ ಇವನೇ ಎಂದು ಅವಳಿಗೆ ಆಗ ಹೊಳೆಯಿತು. ಈಮೇಲಿನ ಕೆಳಗೆ ಹೆಸರು ನೋಡಿದ್ದಳೇ ಹೊರತು ಮುಖ ನೋಡಿರಲಿಲ್ಲ.

"ರಾಜೇಶ್ವರಿ... ಮೇಡಂ?"

"ಅಕ್ಕಾರ ಅಂದ್ರೂ ನಡೀತೈತಿ. ಈಗ ಆ ಮದುಮಗಳನ್ನ ಹೆಂಗ ದಾಟಸೂದು ಅದನ್ನ ಹೇಳ್ರಿ."

ಹೇಳಲಿಲ್ಲ, ಮಾಡಿದ. ಸೇತುವೆಯಾಚೆಗೆ ಕಂಪನಿಯ ಜೀಪುಗಳನ್ನು ತರಿಸಿದ. ಮದುಮಗಳು ಸೀರೆಯ ನೆರಿಗೆ ಎತ್ತಿ ಹಿಡಿದು ನಗುತ್ತ ನಡೆದಳು. ರಾಜೇಶ್ವರಿ ಆಕೆಯ ಟ್ರಂಕಿನ ಒಂದು ತುದಿ ಹಿಡಿದಳು, ಇನ್ನೊಂದು ತುದಿ ಗೌರೀಶನದು. ದಾರಿಯುದ್ದಕ್ಕೂ ಮಂಗಳವಾರವೋ ಬುಧವಾರವೋ ಎಂದು ಇಬ್ಬರೂ ವಾದ ಮಾಡಿದರು. ಜೀಪು ಹತ್ತುವಾಗ ಅಜ್ಜಿ ಬೈಗುಳ ನಿಲ್ಲಿಸಿ ಇಬ್ಬರನ್ನೂ ದಿಟ್ಟಿಸಿದಳು.

"ಮದಿವ್ಯಾಗಿ ಎಷ್ಟು ವರ್ಷಾತವ್ವಾ ನಿಮ್ಮದು? ಹಿಂಗ ಜಗಳಾಡತೀರಿ?"

ಗೌರೀಶ ಹೊಳೆ ಕಡೆ ನೋಡಿದ. ರಾಜೇಶ್ವರಿ ಟ್ರಂಕಿನ ಬೀಗ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

*

"ಒಂದ ಕಂಪನಿಗೆ ಎರಡು ಪಂಚಾಂಗ!" ಎಂದರು ಮ್ಯಾನೇಜರ್ ಅಮೋಘಸಿದ್ದಪ್ಪನವರು. "ಹಿಂಗ ನಡಿಯೂದಿಲ್ಲ. ಯಾವ ಸುದ್ದಿ, ಯಾವ ದಿನ, ಯಾರು ಬರೀತಾರ, ಎಲ್ಲಿ ಹೋಗತೈತಿ, ಎಲ್ಲಾ ಒಂದ ಕಡೆ ಕಾಣೂ ಸಾಫ್ಟ್‌ವೇರ್ ಬೇಕು. ಜಗಳಾಡಿದವರ ಕೂಡಿ ಆರಸ್ರಿ."

ಅವರ ಮುಂದೆ ಎರಡು ಸಾಫ್ಟ್‌ವೇರ್ ಇದ್ದವು. ಒಂದು ಪುಣೆಯ ಹೆಡ್ ಆಫೀಸಿನ ಕರಂದೀಕರ ಸಾಹೇಬರು ಕಳಿಸಿದ್ದು, ಪರದೇಶದ್ದು. ಇನ್ನೊಂದು ಹುಬ್ಬಳ್ಳಿಯಲ್ಲಿ ಸ್ವಂತ ಚಿಕ್ಕ ಕಂಪನಿ ನಡೆಸುತ್ತಿದ್ದ ಗುಲಫಶಾ ಎಂಬಾಕೆ ತಯಾರಿಸಿದ್ದು.

ಪುಣೆಯದನ್ನು ನೋಡಿ ರಾಜೇಶ್ವರಿ ಮರುಳಾದಳು. ತಿಂಗಳ ಕ್ಯಾಲೆಂಡರಿನ ತುಂಬ ಬಣ್ಣದ ಚೌಕಗಳು. ಹಳದಿ ಎಂದರೆ ಬರೆಯುತ್ತಿರುವುದು, ಹಸಿರು ಎಂದರೆ ಮೇಲಿನವರ ಒಪ್ಪಿಗೆ ಆದದ್ದು. ಒಪ್ಪಿಗೆಯಿಲ್ಲದೆ ಒಂದಕ್ಷರವೂ ಹೊರಗೆ ಹೋಗುವ ಹಾಗಿಲ್ಲ.

"ಭಾಳ ಚಂದ ಅದರಿ," ಎಂದ ಗೌರೀಶ, ಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ ಪುಟ ತೆರೆಯುವುದನ್ನೇ ಕಾಯುತ್ತ. "ಇದು ತೆರೆಯೂದರಾಗ ನಾ ಯಲ್ಲಮ್ಮನ ಗುಡ್ಡಾ ಹತ್ತಿ ಇಳದು ಬರತೇನಿ."

ಪುಟ ತೆರೆದಾಗ ಕನ್ನಡದ ನೋಟೀಸೆಲ್ಲ ಖಾಲಿ ಡಬ್ಬಿಗಳ ಸಾಲಾಗಿತ್ತು.

ಗುಲಫಶಾಳದು ನೋಡಲು ಸಪ್ಪೆ. ಆದರೆ ಕನ್ನಡ ನೆಟ್ಟಗೆ ಕಾಣುತ್ತಿತ್ತು. ಗುಡ್ಡದ ಮೇಲಿಂದ ಮೊಬೈಲಿನಲ್ಲಿ ಒಂದು ಮೆಸೇಜ್ ಹಾಕಿದರೂ ಕ್ಯಾಲೆಂಡರ್ ಬದಲಾಗುತ್ತಿತ್ತು. ಗೌರೀಶನಿಗೆ ಅದೇ ಬೇಕು. ರಾಜೇಶ್ವರಿ ಮಾತ್ರ ಒಪ್ಪಲಿಲ್ಲ.

"ಯಾರ ಬೇಕಾದ್ರೂ ಏನ ಬೇಕಾದ್ರೂ ಬದಲಿ ಮಾಡಬಹುದಲ್ರಿ ಇದರಾಗ? ನಾಳೆ ನೀವು ಮತ್ತ ಮಂಗಳವಾರ ಅಂದ್ರ?"

"ನೀವು ಮತ್ತ ಬುಧವಾರ ಅಂದ್ರ?"

ಇಬ್ಬರ ನಡುವೆ ಕುಳಿತಿದ್ದ ಗುಲಫಶಾ ಚಹಾದ ಕಪ್ಪು ಕೆಳಗಿಟ್ಟಳು. "ಒಪ್ಪಿಗಿ ಪದ್ಧತಿ ನಾ ಸೇರಿಸಿ ಕೊಡತೇನ್ರಿ. ಒಪ್ಪಿಗಿ ಕೊಡೋರು ಯಾರು, ಅದನ್ನ ಹೇಳ್ರಿ."

"ನಾನು," ಎಂದರು ಇಬ್ಬರೂ ಒಟ್ಟಿಗೆ.

ಕೊನೆಗೆ ಗೌರೀಶನೇ ದಾರಿ ಹುಡುಕಿದ. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರ ಒಪ್ಪಿಗೆ. ಇಬ್ಬರೂ ಹೌದೆಂದರೆ ಮಾತ್ರ ಸುದ್ದಿ ಹೊರಗೆ. ರಾಜೇಶ್ವರಿ ತಲೆಯೆತ್ತಿ ನೋಡಿದಳು. ತನ್ನ ವಾದವನ್ನು ಇಷ್ಟು ಗಮನವಿಟ್ಟು ಕೇಳಿದ ಗಂಡಸನ್ನು ಅವಳು ಈವರೆಗೆ ಕಂಡಿರಲಿಲ್ಲ. ಹತ್ತಿ ವ್ಯಾಪಾರಿಯಾಗಿದ್ದ ಅಪ್ಪ ಸೋಮಪ್ಪ ವರಗಳನ್ನೇನೋ ತಂದಿದ್ದ. ಬಂದವರೆಲ್ಲ ಅವಳ ಪಗಾರ ಕೇಳಿದ್ದರು, ಮಾತು ಕೇಳಿರಲಿಲ್ಲ.

*

ಗುಲಫಶಾಳ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಲು ಸುಳ್ಳುಸುಳ್ಳೇ ಸುದ್ದಿ ತುಂಬಬೇಕಿತ್ತು. ಒಂದು ಬೆಳಿಗ್ಗೆ ರಾಜೇಶ್ವರಿಯ ಪರದೆಯ ಮೇಲೆ ಸವದತ್ತಿಯಿಂದ ಒಂದು ಸುದ್ದಿ ಒಪ್ಪಿಗೆಗೆ ಕಾದು ನಿಂತಿತ್ತು.

'ಗುರುವಾರ. ಗುಡ್ಡದ ಮೇಲೆ ಸೂರ್ಯೋದಯ ತಡ. ಕಾರಣ: ಬೈಲಹೊಂಗಲದ ಮೇಡಂ ಈ ವಾರ ಸೈಟಿಗೆ ಬಂದಿಲ್ಲ.'

ಅವಳು ಅತ್ತಿತ್ತ ನೋಡಿದಳು. ತುಟಿ ಕಚ್ಚಿಕೊಂಡು 'ತಿದ್ದುಪಡಿಗೆ ವಾಪಸ್' ಒತ್ತಿ, 'ಸುದ್ದಿಗೆ ಆಧಾರ ಏನು?' ಎಂದು ಬರೆದಳು.

'ಪ್ರತ್ಯಕ್ಷದರ್ಶಿ ನಾನೇ' ಎಂದು ಉತ್ತರ ಬಂತು.

'ಒಬ್ಬನ ಸಾಕ್ಷಿ ಸಾಲದು.'

'ಹಂಗಾದ್ರ ಬಂದು ನೋಡ್ರಿ.'

ಫೋನ್ ರಿಂಗಾಯಿತು. ಹುಬ್ಬಳ್ಳಿಯಿಂದ ಗುಲಫಶಾ. "ಮೇಡಂ, ಟೆಸ್ಟಿಂಗ್ ಭಾಳ ಛಲೋ ನಡದೈತಿ. ಆದ್ರ ಇದನ್ನೆಲ್ಲಾ ನಾನೂ ನೋಡಾಕತ್ತೇನಿ, ನೆನಪಿರಲಿ."

ರಾಜೇಶ್ವರಿ ಫೋನಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಲ್ಲಿ ನಗು ಸೋರುತ್ತಿತ್ತು. ಶುಕ್ರವಾರ ಸೈಟಿಗೆ ಹೋದಳು. ಕೆಲಸವೇನೂ ಇರಲಿಲ್ಲ.

*

ಆಮೇಲೆ ಕರಂದೀಕರ ಸಾಹೇಬರ ಫೋನ್ ಬಂತು. ಪರದೇಶದ ಸಾಫ್ಟ್‌ವೇರ್ ಬಂದರೆ ಸುದ್ದಿಯ ಕೆಲಸವೆಲ್ಲ ಪುಣೆಯಿಂದಲೇ ನಡೆಯುತ್ತದೆ, ಬೈಲಹೊಂಗಲದ ಕಚೇರಿ ಬೇಕಾಗುವುದಿಲ್ಲ ಎಂದರು. ಅದಕ್ಕೇ ಶಿಫಾರಸು ಬರೆದುಕೊಟ್ಟರೆ ಅವಳಿಗೆ ಪುಣೆಯಲ್ಲಿ ದೊಡ್ಡ ಹುದ್ದೆ. ಗೌರೀಶನನ್ನು ರಾಜಸ್ಥಾನದ ಸೈಟಿಗೆ ಹಾಕುತ್ತಾರೆ.

ಭಾನುವಾರ ಕಿತ್ತೂರಿನ ಕೋಟೆಯ ಹುಲ್ಲುಹಾಸಿನ ಮೇಲೆ ಕುಳಿತು ಅವಳು ಅದನ್ನೆಲ್ಲ ಗೌರೀಶನಿಗೆ ಹೇಳಿದಳು. ಅವನು ಗೋಡೆಯ ಮೇಲಿನ ಗಿಳಿಗಳತ್ತ ತಿರುಗಿದ.

"ಹೋಗ್ರಿ. ದೊಡ್ಡ ಕೆಲಸಾ, ದೊಡ್ಡ ಊರು."

"ಇದು ಯಾರ ಮಾತು? ನಿಮ್ಮದೋ, ಊರ ಮಂದೀದೋ?"

"ನನ್ನ ಮಾತು ಸ್ವಾರ್ಥದ್ದು ಅದರಿ. ಈಗ ಹೇಳಿದ್ರ ನಿಮ್ಮ ನಿರ್ಧಾರ ಕೆಡತದ. ಸಾಫ್ಟ್‌ವೇರ್ ಯಾವುದು ಖರೆ ಛಲೋ ಅಂತ ನೀವು ಆರಸಬೇಕು. ನನ್ನ ಮಾರಿ ನೋಡಿ ಅಲ್ಲ."

ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನ ಬೆನ್ನಿಗೇ, ಇವನನ್ನು ಬಿಟ್ಟು ಎಲ್ಲಿಗೂ ಹೋಗಲಾರೆ ಎಂಬುದೂ ತಿಳಿಯಿತು. ಆದರೆ ಅವನು ಹೇಳಿದ್ದೂ ಸರಿ. ಪ್ರೀತಿಗಾಗಿ ಆರಿಸಿದಳು ಎಂದು ಯಾರೂ ಬೆರಳು ತೋರಿಸಬಾರದು.

ಮರುದಿನ ಅವಳು ಪುಣೆಗೆ ಬರೆದಳು: 'ಮುಂದಿನ ಟ್ರೇಲರ್‌ಗಳು ಬರುವ ದಿನ ಎರಡೂ ಸಾಫ್ಟ್‌ವೇರ್ ಒಟ್ಟಿಗೆ ನಡೆಸೋಣ. ತಾವೇ ಬಂದು ನೋಡಬೇಕು.'

*

ಕರಂದೀಕರ ಸಾಹೇಬರು ಬಂದರು. ಬೈಲಹೊಂಗಲದ ಕಚೇರಿಯಲ್ಲಿ ಎರಡು ಕಂಪ್ಯೂಟರುಗಳ ಮುಂದೆ ಎಲ್ಲರೂ ಕುಳಿತರು. ಒಂದೊಂದು ರೆಕ್ಕೆ ಹೊತ್ತ ಮೂರು ಟ್ರೇಲರ್‌ಗಳು ಬೆಳಗಾವಿ ಬಿಟ್ಟು ನೇಸರಗಿಯ ಹತ್ತಿರ ಬಂದಿದ್ದವು. ಮೊದಲೇ ಹಾಕಿದ ಸುದ್ದಿಗಳೆಲ್ಲ ಎರಡರಲ್ಲೂ ಹಸಿರು.

ಅಷ್ಟರಲ್ಲಿ ಗೌರೀಶನ ಮೆಸೇಜ್ ಬಂತು. ಮನೋಳಿ ಸೇತುವೆಯ ಮೇಲೆ ಕಬ್ಬಿನ ಲಾರಿ ಉರುಳಿದೆ, ದಾರಿ ಬಂದ್. ಟ್ರೇಲರ್‌ಗಳು ನೇಸರಗಿಯಿಂದ ಬೈಲಹೊಂಗಲದ ಕಡೆ ತಿರುಗಬೇಕು.

ರಾಜೇಶ್ವರಿ ಪುಣೆಯ ಸಾಫ್ಟ್‌ವೇರಿನಲ್ಲಿ ಬದಲಾವಣೆ ಹಾಕಿದಳು. ಅದು ಒಪ್ಪಿಗೆಗಾಗಿ ಪುಣೆಗೆ ಹೋಯಿತು. ಒಪ್ಪಿಗೆ ಕೊಡಬೇಕಾದ ಅಧಿಕಾರಿ ಮೀಟಿಂಗಿನಲ್ಲಿದ್ದರು. ಸಾಹೇಬರು ತಾವೇ ಫೋನ್ ಮಾಡಿದರು, ಎತ್ತುವವರಿಲ್ಲ. ಹಳದಿ ಚೌಕ ಹಳದಿಯಾಗಿಯೇ ಕುಳಿತಿತ್ತು.

ಪಕ್ಕದ ಕಂಪ್ಯೂಟರಿನಲ್ಲಿ ಗೌರೀಶನ ಮೆಸೇಜ್ ಆಗಲೇ ಕ್ಯಾಲೆಂಡರ್ ಸೇರಿತ್ತು. ಅವಳು ಓದಿದಳು. ಕೈ 'ಒಪ್ಪಿಗೆ'ಯ ಮೇಲೆ ಹೋದದ್ದು ಅಲ್ಲೇ ನಿಂತಿತು. ಟ್ರೇಲರ್ ಹಾಯಲು ಅವನು ಬರೆದ ಹೊತ್ತಿಗೇ ಬೈಲಹೊಂಗಲದ ಹೊರರಸ್ತೆಯ ಶಾಲೆ ಬಿಡುತ್ತದೆ! ಕೂಡಲೇ ವಾಪಸ್ ಕಳಿಸಿದಳು: 'ಸಾಲಿ ಮಕ್ಕಳು. ಅರ್ಧ ತಾಸು ತಡೀರಿ.' ಚಹಾ ಆರುವುದರೊಳಗೆ ತಿದ್ದುಪಡಿ ಬಂತು. ಅವಳು ಒತ್ತಿದಳು. ಬಸ್ ಡಿಪೋ, ಪೊಲೀಸ್ ಠಾಣೆ, ಪಂಚಾಯಿತಿಗಳು, ಕೇಬಲ್ ಟೀವಿಯವರು, ಎಲ್ಲರಿಗೂ ಒಂದೇ ಸುದ್ದಿ, ಒಂದೇ ಹೊತ್ತಿಗೆ, ಕನ್ನಡದಲ್ಲಿ ಹೋಯಿತು.

ಶಾಲೆ ಬಿಟ್ಟು ಮಕ್ಕಳು ಮನೆ ಸೇರಿದ ಮೇಲೆ ಮೂರು ರೆಕ್ಕೆಗಳು ಊರ ಹೊರಗಿನಿಂದ ಒಂದರ ಹಿಂದೊಂದು ಹಾದುಹೋದವು. ಬಸ್ಸುಗಳು ಮೊದಲೇ ಬದಿಗೆ ಸರಿದಿದ್ದವು. ರಸ್ತೆಯಂಚಿನಲ್ಲಿ ನಿಂತ ಜನ ಕೈ ಬೀಸಿದರು. ಒಬ್ಬರೂ ಬೈಯಲಿಲ್ಲ.

ಮಾಳಿಗೆಯಿಂದ ಅದನ್ನು ನೋಡಿದ ಕರಂದೀಕರ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಇದು ಅಪ್ರೂವಲ್ ಇಲ್ಲದ ಸಾಫ್ಟ್‌ವೇರ್ ಅಂತ ಹೇಳಿದ್ದರಲ್ಲ ನನಗೆ?"

"ಮೊದಲ ಇರಲಿಲ್ರಿ. ನಾವಿಬ್ಬರೂ ಜಗಳಾಡಿ ಹಾಕ್ಸಿದ್ವಿ," ಎಂದಳು ರಾಜೇಶ್ವರಿ. "ಸುದ್ದಿ ಎಲ್ಲಿ ಹುಟ್ಟತೈತೋ ಅಲ್ಲಿನವರ ಕೈಯಾಗ ಒಪ್ಪಿಗಿ ಇರಬೇಕ್ರಿ ಸರ್. ನನ್ನ ಶಿಫಾರಸು ಇದಕ್ಕ. ಪುಣೆದ ಹುದ್ದೆ ಬ್ಯಾಡ್ರಿ."

ಸಾಹೇಬರು ಅಮೋಘಸಿದ್ದಪ್ಪನವರತ್ತ ತಿರುಗಿದರು. "ಹುಬ್ಬಳ್ಳಿಯವರನ್ನು ಕರೆಸಿ. ರಾಜಸ್ಥಾನದ ಸೈಟಿಗೂ ಇದೇ ಬೇಕು. ಮತ್ತೆ ಸವದತ್ತಿ, ಬೈಲಹೊಂಗಲ, ಎರಡೂ ಟೀಮು ಕೂಡಿಸಿ ಈಕೆಯ ಕೈಗೆ ಕೊಡಿ."

ಫೋನಿನಲ್ಲಿ ಸುದ್ದಿ ಕೇಳಿದ ಗುಲಫಶಾ ಹುಬ್ಬಳ್ಳಿಯಲ್ಲಿ ಕಿರುಚಿದ್ದು ಇಡೀ ಕಚೇರಿಗೆ ಕೇಳಿಸಿತು.

*

ರೆಕ್ಕೆ ಏರಿಸುವುದನ್ನು ನೋಡಲು ಮರುದಿನ ಸಂಜೆ ಎಲ್ಲರೂ ಗುಡ್ಡ ಹತ್ತಿದರು. ಕ್ರೇನಿನ ಗದ್ದಲಕ್ಕೆ ಕಿವಿ ತೂತಾಗುವಂತಿತ್ತು. ಗಾಳಿಗೆ ಹಾರುವ ಸೆರಗನ್ನು ರಾಜೇಶ್ವರಿ ಸೊಂಟಕ್ಕೆ ಸಿಕ್ಕಿಸಿದಳು. ಗೌರೀಶ ಬಂದು ಪಕ್ಕದಲ್ಲಿ ನಿಂತ. ಇಳಿಬಿಸಿಲು ಅವನ ಕಣ್ಣಿಗೆ ಹೊಡೆಯುತ್ತಿತ್ತು. ಆದರೂ ಅವನು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಈಗ ನಿಮ್ಮ ನಿರ್ಧಾರ ಮುಗೀತಲ್ರಿ," ಎಂದು ಅವಳ ಕಿವಿಯ ಹತ್ತಿರ ಕೂಗಿದ. "ನನ್ನ ಸ್ವಾರ್ಥ ಹೇಳಬಹುದಾ?"

"ಹೇಳ್ರಿ!"

"ಪುಣೆಗೆ ಹೋಗತೀರಿ ಅಂದಾಗ ನನ್ನ ಜೀವಾನ ಹೋದಂಗಾಗಿತ್ತು. ದಿನಾ ನಿಮ್ಮ ಜೋಡಿ ಜಗಳಾಡಬೇಕು ನಾ. ಮುದುಕ ಆಗೂತನಕಾ. ನನ್ನ ಮದಿವ್ಯಾಗತೀರೇನು?"

"ಹೂಂ," ಎಂದಳು.

"ಏನಂದ್ರಿ?"

"ಹೂಂ ಅಂದ್ನಿ!"

ಅವನು ಕಿವಿಗೆ ಕೈ ಹಚ್ಚಿ ತಲೆಯಾಡಿಸಿದ. ಮೇಲೆ ಕೊನೆಯ ರೆಕ್ಕೆ ತನ್ನ ಜಾಗಕ್ಕೆ ಕೂಡುತ್ತಿತ್ತು. ರಾಜೇಶ್ವರಿ ಉಸಿರೆಳೆದುಕೊಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು. ಸರಿಯಾಗಿ ಆ ಗಳಿಗೆಗೆ ಕ್ರೇನಿನವನು ಇಂಜಿನ್ ಬಂದ್ ಮಾಡಿದ.

"ಮದಿವ್ಯಾಗತೇನಿ ಅಂದ್ನೆಪಾ, ಗೌರೀಶ!"

ಆ ಮಾತು ಗುಡ್ಡದ ತುಂಬ ಕೇಳಿಸಿತು. ಕ್ರೇನಿನವನು, ವೆಲ್ಡರುಗಳು, ಗೋಪುರದ ತುದಿಯಲ್ಲಿ ಬೋಲ್ಟು ಬಿಗಿಯುತ್ತಿದ್ದವರು, ಎಲ್ಲರೂ ತಿರುಗಿ ನೋಡಿದರು. ಮೇಲಿನಿಂದ ಯಾರೋ ಸಿಳ್ಳೆ ಹಾಕಿದರು. ಆಮೇಲೆ ಚಪ್ಪಾಳೆಯೇ ಚಪ್ಪಾಳೆ.

ರಾಜೇಶ್ವರಿ ತಲೆ ತಗ್ಗಿಸಲಿಲ್ಲ. ಗೌರೀಶನ ಕೈ ಹಿಡಿದು ನೆಟ್ಟಗೆ ನಿಂತಳು.

ಅಮೋಘಸಿದ್ದಪ್ಪನವರು ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಬಂದರು. "ಸೋಮಪ್ಪನವರಿಗೆ ಯಾರು ಹೇಳತೀರವ್ವಾ? ನಾ ಬರಲೇನು ಜೋಡಿ?"

"ಬ್ಯಾಡ್ರಿ ಸರ್," ಎಂದಳು ಅವಳು, ಗೌರೀಶನ ಕೈ ಬಿಡದೆ. "ಅಪ್ಪಗ ನಾನ ಹೇಳತೇನಿ. ನೀವು ಪೇಢೆ ತಿನ್ನಾಕ ಬರ್ರಿ."