ಕೋಡಿಬಾಗದ ಇಗರ್ಜಿಯ ಬಾಗಿಲಲ್ಲಿ

"ಬಾಯಿ, ಹೂ ಮಾರೂದು ಗೇಟಿನ ಹೊರಗೆ! ಬುಟ್ಟಿ ತಕೊಂಡು ಒಳಗೆ ಹೋಗೂಕಿಲ್ಲ."

ಇಗರ್ಜಿಯ ಮೆಟ್ಟಿಲ ಮೇಲಿಟ್ಟ ನಾಗಶ್ರೀಯ ಕಾಲು ಅಲ್ಲೇ ನಿಂತಿತು.

ಬಾಗಿಲಲ್ಲಿದ್ದ ಬಿಳಿ ಅಂಗಿಯ ಯುವಕ ಬಂದವರಿಗೆಲ್ಲ ಕೈಮುಗಿದು, ನಕ್ಕು, ಒಳಗೆ ಕರೆಯುತ್ತಿದ್ದ. ಅವಳ ಪಾಲಿಗೆ ಮಾತ್ರ ಆ ನಗು ಇರಲಿಲ್ಲ.

'ಇದಕ್ಕಾ ನಾನು ಮೊದಲ ಬಸ್ಸಿಗೆ ಅಗಸೂರಿನಿಂದ ಹೊರಟು ಬಂದದ್ದು...?'

ಅದು ೨೦೦೩ರ ನವೆಂಬರ್ ಎರಡು, ಭಾನುವಾರ. ಸತ್ತವರನ್ನು ಇಗರ್ಜಿಯಲ್ಲಿ ನೆನೆಯುವ ದಿನ. ವಾರದ ಹಿಂದೆ ಅವಳ ಅವ್ವಿ ರುಕ್ಮಿಣಿಯ ಹೆಸರಿಗೊಂದು ಕಾಗದ ಬಂದಿತ್ತು. 'ಮೂರು ವರ್ಷದಿಂದ ಇಲ್ಲಿ ಸುಕ್ರಣ್ಣನ ಹೆಸರು ಓದುತ್ತಿದ್ದೇವೆ. ಕೇಳಲು ಮನೆಯವರೇ ಇಲ್ಲವಲ್ಲ ಎಂದು ಪ್ರತಿ ಸಲ ಅನಿಸುತ್ತದೆ. ದಯವಿಟ್ಟು ಬನ್ನಿ. ಮುಂದಿನ ಸಾಲಿನಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.' ಕೆಳಗೆ ಸಹಿ: ಇನಾಸ.

"ಆ ಕಡಲಿನ ಊರಿಗೆ ನಾ ಬರೂದಿಲ್ಲ," ಎಂದಿದ್ದಳು ಅವ್ವಿ. ಆದರೆ ನಾಗಶ್ರೀ ಆ ಕಾಗದವನ್ನು ಎಷ್ಟು ಸಲ ಓದಿದ್ದಳೋ! ಬರೆದವನ ಮುಖವನ್ನೂ ಮನಸ್ಸಿನಲ್ಲೇ ಬಿಡಿಸಿಕೊಂಡಿದ್ದಳು.

ಈಗ ಕಣ್ಣು ತುಂಬಿ ಬಂತು. ಹಿಂತಿರುಗಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಪಾದ್ರಿಗಳ ದನಿ ಕೇಳಿತು.

"ಬೈತಖೋಲ ಬಂದರಿನಿಂದ ಕಡಲಿಗೆ ಹೋಗಿ ಮರಳದವರು... ಪಾಸ್ಕು... ಮಂಗೇಶ... ಅಗಸೂರಿನ ಸುಕ್ರ..."

"ನನ್ನ ಅಪ್ಪ!" ಅವಳಿಗರಿವಿಲ್ಲದೆಯೇ ಮಾತು ಹೊರಬಿತ್ತು.

ಯುವಕನ ಮುಖ ಬಿಳುಚಿಕೊಂಡಿತು. "ನೀವು... ರುಕ್ಮಿಣಕ್ಕನ ಮಗಳಾ? ನಾನು ಹಿರಿಯರು ಯಾರಾದ್ರೂ ಬರ್ತಾರೆ ಅಂತ..." ಎಂದವನೇ ದಾರಿ ಬಿಟ್ಟು ನಿಂತ.

ಅವಳು ಬುಟ್ಟಿಯ ಸಮೇತ ಒಳಗೆ ಹೆಜ್ಜೆಯಿಟ್ಟಳು.

ಅಬ್ಬಾ...!

ಎಷ್ಟು ಎತ್ತರದ ಮಾಡು! ಬಣ್ಣದ ಗಾಜಿನಿಂದ ಇಳಿದ ಬೆಳಕು ನೆಲದ ಮೇಲೆ ಕೆಂಪಾಗಿ, ನೀಲಿಯಾಗಿ ಬಿದ್ದಿತ್ತು. ನೂರಾರು ದೀಪಗಳು. ಅದೆಲ್ಲಕ್ಕಿಂತ ಅವಳನ್ನು ಬೆರಗಾಗಿಸಿದ್ದು ಬೇರೆಯೇ. ಇಡೀ ಇಗರ್ಜಿ ಎದ್ದು ನಿಂತಿತ್ತು! ಮುದುಕರು, ಹೆಂಗಸರು, ಕೂಸು ಎತ್ತಿಕೊಂಡವರು... ಎಲ್ಲರೂ.

ಬದುಕಿದ್ದಾಗ ಅಪ್ಪ ಯಾರ ಮನೆಯ ಜಗಲಿಯ ಮೇಲೂ ಕೂತವನಲ್ಲ. ಅಂಗಳದಲ್ಲಿ ನಿಂತೇ ಕೂಲಿ ಕೇಳಿದವನು.

'ಅಪ್ಪಾ, ನೋಡಿದ್ಯಾ? ಇವರೆಲ್ಲ ನಿನಗಾಗಿ ಎದ್ದು ನಿಂತಿದ್ದಾರೆ...'

ಮುಂದಿನ ಸಾಲಿನಲ್ಲಿ ನಿಜಕ್ಕೂ ಒಂದು ಜಾಗ ಖಾಲಿ ಇತ್ತು. ಅವಳು ಅಪ್ಪನಿಗೆಂದು ತಂದ ಅಬ್ಬಲಿಗೆ ಹೂವಿನ ದಂಡೆಯನ್ನು ಬುಟ್ಟಿಯಿಂದ ತೆಗೆದು ದೀಪದ ಬುಡದಲ್ಲಿಟ್ಟಳು. ಯಾರೂ ತಡೆಯಲಿಲ್ಲ. ಪಕ್ಕದ ಮುದುಕಿಯೊಬ್ಬಳು ತನ್ನ ಮೇಣದ ಬತ್ತಿಯಿಂದಲೇ ಅವಳಿಗೂ ಒಂದು ಬತ್ತಿ ಹೊತ್ತಿಸಿಕೊಟ್ಟು, ತಲೆ ಸವರಿದಳು.

ಪೂಜೆ ಮುಗಿದ ಮೇಲೆ ಆ ಯುವಕ ತಲೆತಗ್ಗಿಸಿ ಎದುರು ಬಂದ. "ತಪ್ಪಾಯ್ತು..."

"ಇರ್ಲಿ. ಕಾಗದ ಬರೆದ ಇನಾಸ ಯಾರು? ಅವ್ರಿಗೊಂದು ಮಾತು ಹೇಳ್ಬೇಕಿತ್ತು."

"ಅವ್ರು... ಇವತ್ತು ಬರ್ಲಿಲ್ಲ."

"ಅಷ್ಟು ಒಳ್ಳೆಯವರು ನಿಮ್ಮಂಥವರನ್ನ ಎಂತಕ್ಕೆ ಬಾಗಿಲಲ್ಲಿ ನಿಲ್ಲಿಸ್ತಾರೋ!"

ಅವಳು ಸರಸರನೆ ಬಸ್ ನಿಲ್ದಾಣಕ್ಕೆ ನಡೆದಳು. ಊರ ಕಡೆ ಹೋಗುವ ಅಂಕೋಲೆಯ ಬಸ್ಸು ಬರುವಷ್ಟರಲ್ಲಿ ಅವನು ಏದುಸಿರು ಬಿಡುತ್ತ ಓಡಿ ಬಂದ.

"ನಾನೇ ಇನಾಸ!"

ಅವಳು ದಂಗಾದಳು.

"ಸುಳ್ಳು ಹೇಳ್ದೆ. ಆ ಕಾಗದ ಒಂದಾದ್ರೂ ನಿಮಗೆ ಒಳ್ಳೇದಾಗಿ ಉಳೀಲಿ ಅಂತ... ಇನ್ನೊಂದು ಮಾತಿದೆ. ಅವತ್ತು ಬೋಟಿಗೆ ಹೋಗ್ಬೇಕಾದವ ನಾನು. ಜ್ವರ ಬಂದು ಮಲಗಿದ್ದೆ. ಬಂದರಿನಲ್ಲಿ ಐಸು ಹೊರ್ತಿದ್ದ ಸುಕ್ರಣ್ಣ, 'ನೀ ಮಲಗು ತಮಾ, ನಾ ಹೋಗ್ತೆ' ಅಂದ..." ಅವನ ದನಿ ಒಡೆಯಿತು. "ಅದೇ ಬೋಟಿನಲ್ಲಿದ್ದ ಪಾಸ್ಕು ನನ್ನ ಅಣ್ಣ. ಇಬ್ರೂ ತಿರುಗಿ ಬರ್ಲಿಲ್ಲ."

ನಾಗಶ್ರೀ ಬಸ್ಸು ಹತ್ತಿದಳು. ಕಿಟಕಿಯಿಂದ ಹಿಂದೆ ನೋಡಲೂ ಇಲ್ಲ.

ಮನೆಯಲ್ಲಿ ಅವ್ವಿಗೆ ಎಲ್ಲವನ್ನೂ ಹೇಳಿದಳು. ರುಕ್ಮಿಣಿ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಗದ್ದೆಯಲ್ಲೇ ಉಳಿದಳು. ನಾಲ್ಕನೆಯ ದಿನ ಗದ್ದೆಯಂಚಿನಲ್ಲಿ ಕುಳಿತಿದ್ದವಳು ಇದ್ದಕ್ಕಿದ್ದಂತೆ ಎಂದಳು: "ಭಾನುವಾರ ಇಗರ್ಜಿಗೆ ನಾನೂ ಬರ್ತೆ."

ಆ ಭಾನುವಾರ ಬಾಗಿಲಲ್ಲಿ ಬೇರೆ ಯಾರೋ ನಿಂತಿದ್ದರು. ಇನಾಸ ಆ ಕೆಲಸ ಬಿಟ್ಟು, ಕೊನೆಯ ಬೆಂಚಿನ ಮೂಲೆಯಲ್ಲಿ ಮುದುಡಿ ಕುಳಿತಿದ್ದ. ಅವರನ್ನು ಕಂಡದ್ದೇ ತಡಬಡಿಸಿ ಎದ್ದ. ರುಕ್ಮಿಣಿ ನೆಟ್ಟಗೆ ಅವನೆದುರು ಹೋಗಿ ನಿಂತಳು.

"ಜ್ವರ ಬಂದದ್ದು ನಿನ್ನ ತಪ್ಪಾ ತಮಾ?" ರುಕ್ಮಿಣಿ ಅವನ ಕೆನ್ನೆಗೆ ಕೈಯಿಟ್ಟಳು. "ಯಾರಿಗಾದ್ರೂ ಮೈ ಸರಿಯಿಲ್ಲ ಅಂದ್ರೆ ಇವಳ ಅಪ್ಪ ಸುಮ್ನೆ ಕೂರೂವವನೇ ಅಲ್ಲ. ನೀ ಬದುಕಿದ್ದೀ... ಅವ ಮಾಡಿದ ಕೆಲಸ ಹಾಳಾಗ್ಲಿಲ್ಲ."

ಇನಾಸ ಅವಳ ಕಾಲಿಗೆ ಬಿದ್ದು ಮಗುವಿನಂತೆ ಅತ್ತ. ನಾಗಶ್ರೀ ನೋಡುತ್ತಲೇ ನಿಂತಳು. ತನ್ನ ಅವ್ವಿ ಇಷ್ಟು ದೊಡ್ಡವಳು ಎಂದು ಅವಳಿಗೂ ಗೊತ್ತಿರಲಿಲ್ಲ! ಅವನ ಮೇಲಿದ್ದ ನಾಗಶ್ರೀಯ ಸಿಟ್ಟು ಎಲ್ಲಿ ಹೋಯಿತೋ...

ಆಮೇಲೆ ಅವನು ಅಗಸೂರಿಗೆ ಬರತೊಡಗಿದ. ಮಾಡಿನ ಹಂಚು ಸರಿ ಮಾಡಿದ, ಸುಗ್ಗಿಯಲ್ಲಿ ಹೊರೆ ಹೊತ್ತ. ವರ್ಷ ಕಳೆಯಿತು. ಒಂದು ಸಂಜೆ ಊರಂಚಿನ ಹೊಳೆಯ ದಡದಲ್ಲಿ ಇಬ್ಬರೇ ನಡೆಯುತ್ತಿದ್ದಾಗ ನಾಗಶ್ರೀಯೇ ಕೇಳಿದಳು.

"ನೀವು ನಮ್ಮನೆಗೆ ಬರೂದು ಅಪ್ಪನ ನೆನಪಿಗಾ?"

"ಮೊದಲು ಹೌದು."

"ಈಗ?"

"ಈಗ... ನಿಮ್ಮನ್ನ ನೋಡದ ಭಾನುವಾರ ಮುಗಿಯೂದೇ ಇಲ್ಲ, ನಾಗಶ್ರೀ." ಅವನು ನಿಂತ. "ನಿಮ್ಮ ದೇವರು ಬೇರೆ, ನನ್ನ ದೇವರು ಬೇರೆ. ಜನ ಏನಂತಾರೋ... ಹೆದರಿಕೆ ಇದೆ."

"ನನಗೂ ಇದೆ," ಎಂದಳು ಅವಳು. ಆದರೆ ಕೈ ಮಾತ್ರ ಅವನ ಕೈಯೊಳಗೆ ಸೇರಿತ್ತು. "ನಡೀರಿ, ಅವ್ವಿಗೆ ಹೇಳುವಾ."

"ಏನಂತ ಹೇಳ್ಲಿ?"

"ಇದ್ದದ್ದನ್ನ ಹೇಳಿ. ನಾ ಪಕ್ಕದಲ್ಲೇ ನಿಂತಿರ್ತೆ."