ಮುಂದಿನ ಹಲಗೆಯ ತೂತು

ಧೊಪ್ಪೆಂದು ಲೂ ಮತ್ತೆ ಗುಂಡಿಗೆ ಬಿದ್ದ.

"ಇನ್ನೊಂದು ಸಲ ಆಡು ಮರಿ!" ಆಟದ ಪೆಟ್ಟಿಗೆಯ ಹಿಂದಿನಿಂದ ಅಪ್ಪನ ದನಿ ಬಂತು. "ನಾನಿಲ್ಲಿ ಸ್ಕ್ರೀನಿನ ಬಣ್ಣ ಸರಿ ಮಾಡ್ತಾ ಇದೀನಿ. ಗೇಮ್ ಓಡ್ತಾ ಇರಲಿ."

ಸೈಮಿ ಎಡಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದಳು. ಸ್ಕ್ರೀನಿನ ಮೇಲೆ ಲ್ಯಾಂಟರ್ನ್ ಲೂ ಎಂಬ ಗಣಿ ಕೆಲಸದವನು ದೀಪ ಹಿಡಿದು ಸುರಂಗದಲ್ಲಿ ಓಡತೊಡಗಿದ. ಗುಂಡಿ ಬಂತು. ಅವನನ್ನು ಹಾರಿಸುವ ಬಟನ್ ಇದ್ದದ್ದು ಬಲಗಡೆ.

ಸೈಮಿಯ ಬಲಗೈ ಹುಟ್ಟಿನಿಂದಲೇ ಮೊಣಕೈಯಿಂದ ತುಸು ಕೆಳಗೆ ಮುಗಿದುಬಿಡುತ್ತಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಗಿಡ್ಡಗೈ ಅನ್ನುತ್ತಿದ್ದರು. ಗಿಡ್ಡಗೈ ಬಟನ್ನಿಗೆ ತಾಗಬೇಕಾದರೆ ಅವಳು ಪೂರ್ತಿ ಬಗ್ಗಬೇಕು. ಬಗ್ಗಿದರೆ ಸ್ಕ್ರೀನು ಕಾಣುವುದಿಲ್ಲ. ಸ್ಕ್ರೀನು ನೋಡಿದರೆ ಬಟನ್ ಸಿಗುವುದಿಲ್ಲ.

ಧೊಪ್.

"ಹೊಸದರಲ್ಲಿ ಎಲ್ಲರೂ ಬೀಳೋದೇ!" ಅಪ್ಪ ನಕ್ಕ. "ನಿನ್ನ ವಯಸ್ಸಲ್ಲಿ ನಾನು ಬಿದ್ದಿದ್ದಕ್ಕೆ ಲೆಕ್ಕವೇ ಇಲ್ಲ."

ಸೈಮಿ ಲೂನನ್ನು ಮತ್ತೆ ಓಡಿಸಿದಳು.

ನಾಣ್ಯ ಹಾಕಿ ವಿಡಿಯೋ ಗೇಮ್ ಆಡುವ ಈ ಹಳೆಯ ಆರ್ಕೇಡ್ ಪೆಟ್ಟಿಗೆ ಅವರ ಗ್ಯಾರೇಜಿಗೆ ಬಂದದ್ದು ಮೊದಲ ಹಿಮ ಬೀಳುವ ಮುಂಚೆ. ಅಪ್ಪ ಅದನ್ನು ಕ್ಯಾಲುಮೆಟ್ ಊರಿನ ಯಾರದೋ ಕೊಟ್ಟಿಗೆಯಿಂದ ಟ್ರಕ್ಕಿನಲ್ಲಿ ಹೇರಿಕೊಂಡು ಬಂದಿದ್ದ. ಅದಕ್ಕೂ ಮೊದಲು, ಜನ ಚೆಂಡು ಉರುಳಿಸಿ ಆಡುವ ಯಾವುದೋ ಬೌಲಿಂಗ್ ಹಾಲಿನಲ್ಲಿ ಇತ್ತಂತೆ. ಬಂದಾಗ ಅದರ ಹೊಟ್ಟೆಯೊಳಗೆ ಇಲಿಯ ಗೂಡಿತ್ತು, ಮೈಮೇಲೆ ಯಾರೋ ಬಳಿದ ಕಪ್ಪು ಬಣ್ಣವಿತ್ತು. ಚಳಿಗಾಲ ಪೂರ್ತಿ ಅಪ್ಪ ಮಗಳು ಹೀಟರ್ ಪಕ್ಕ ಕೂತು ಉಪ್ಪುಕಾಗದ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಕಪ್ಪಿನ ಕೆಳಗಿನ ಚಿತ್ರದಲ್ಲಿ ಮೆಲ್ಲಗೆ ಲೂನ ಹಳದಿ ದೀಪ ಕಣ್ಣು ಬಿಟ್ಟಿತ್ತು.

ಅಪ್ಪನದು ಒಂದೇ ಹಟ. "ಫ್ಯಾಕ್ಟರಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇರಬೇಕು." ಸೈಮಿ ಹಾಕಿ ತಂಡದ ಒಂದು ಸ್ಟಿಕ್ಕರ್ ಅಂಟಿಸಲು ಹೋದಾಗ, "ಅಯ್ಯೋ, ಬೇಡ ತಾಯಿ!" ಅಂತ ಓಡಿ ಬಂದಿದ್ದ. ಒಂದು ಹೊಸ ಸ್ಕ್ರೂ ಹಾಕಲೂ ಅವನು ಹಿಂದೆಮುಂದೆ ನೋಡುತ್ತಿದ್ದ.

ನಾಳೆ ಸೈಮಿಯ ಹುಟ್ಟುಹಬ್ಬ. ಕ್ಲಾಸಿನವರೆಲ್ಲ ಬರುತ್ತಾರೆ. "ಎಲ್ಲರ ಮುಂದೆ ಮೊದಲ ಆಟ ನಿಂದೇ," ಅಂತ ಅಪ್ಪ ಆಗಲೇ ಸಾರಿಬಿಟ್ಟಿದ್ದ. ಸ್ಕೂಲ್ ಬಸ್ಸಿನಲ್ಲಿ ಬ್ರೈಸ್ ಬೇರೆ ಕೆಣಕಿದ್ದ: "ಮಶೀನು ನಿಮ್ಮದಿರಬಹುದು ಕಣೇ, ಗೆಲ್ಲೋದು ಮಾತ್ರ ನಾನು!"

ಸೈಮಿ ಒಂದೇ ಕೈಯಲ್ಲಿ ಸ್ಕೇಟಿನ ದಾರ ಕಟ್ಟುತ್ತಾಳೆ. ಅಂಗಳದ ಹಿಮ ಗೋರುತ್ತಾಳೆ. ಎಲ್ಲದಕ್ಕೂ ತಾನೇ ಒಂದು ಉಪಾಯ ಹುಡುಕಿಕೊಳ್ಳುತ್ತಾಳೆ. ಯಾರನ್ನಾದರೂ ಕೇಳಿ ರೂಢಿಯೇ ಇಲ್ಲ. ಈ ಪೆಟ್ಟಿಗೆಗೆ ಮಾತ್ರ ಅವಳಿಗೆ ಉಪಾಯ ಸಿಕ್ಕಿರಲಿಲ್ಲ. ಅಪ್ಪನ ಅರಳಿದ ಮುಖ ನೋಡಿದಾಗೆಲ್ಲ, ಬಟನ್ ಎಟುಕುತ್ತಿಲ್ಲ ಅನ್ನುವ ಮಾತನ್ನು ಅವಳು ಆಮೇಲೆ ಹೇಳೋಣವೆಂದು ಮುಂದೆ ಹಾಕುತ್ತಿದ್ದಳು.

"ಸಾಕು ಅಪ್ಪ. ಬೋರಾಯ್ತು," ಅಂದಳು.

"ಸರಿ, ಹಾಗಾದರೆ ಕೊನೇ ಕೆಲಸ." ಅಪ್ಪ ಪ್ಲಗ್ ಎಳೆದು, ಮರದ ತೂತು ಮುಚ್ಚುವ ಪುಟ್ಟಿಯ ಡಬ್ಬ ಹಿಡಿದು ಮುಂದೆ ಬಂದ. ಪೆಟ್ಟಿಗೆಯ ಮುಂದಿನ ಹಲಗೆಯಲ್ಲಿ, ಜಾಯ್‌ಸ್ಟಿಕ್ಕಿಗಿಂತ ಎಷ್ಟೋ ಕೆಳಗೆ, ನಾಣ್ಯದಷ್ಟು ಅಗಲದ ಒಂದು ತೂತಿತ್ತು. "ಯಾವ ಪುಣ್ಯಾತ್ಮ ಕೊರೆದನೋ! ಬೀಗ ಹಾಕೋಕೆ ಇರಬೇಕು. ಒಳ್ಳೇ ಹಲಗೆ ಹಾಳು ಮಾಡಿದ. ಮರಿ, ಹಿಂದಿನಿಂದ ಒಳಗೆ ನುಸುಳಿ ತೂತಿಗೆ ಈ ರಟ್ಟು ಒತ್ತಿ ಹಿಡಿ. ಇಲ್ಲಾಂದ್ರೆ ಪುಟ್ಟಿ ಒಳಗೆ ಬೀಳುತ್ತೆ. ಮೇಲೆ ಏನನ್ನೂ—"

"ಮುಟ್ಟಬಾರದು. ಗೊತ್ತು. ನೂರು ಸಲ ಹೇಳಿದೀಯ."

"ನೂರ ಒಂದನೇ ಸಲ ಅಂದ್ಕೋ."

ಸೈಮಿ ಟಾರ್ಚನ್ನು ಗಿಡ್ಡಗೈಯ ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ತೆವಳಿದಳು. ಹಳೆಯ ಮರದ ವಾಸನೆ. ತೂತಿನಿಂದ ಬೆಳಕು ಕೋಲಿನಂತೆ ಒಳಗೆ ಬಂದಿತ್ತು. ಅವಳು ಬೆರಳು ತೂರಿಸಿದಳು.

"ಏಯ್, ನನ್ನ ಮೂಗು!" ಅಪ್ಪ ಹೊರಗಿನಿಂದ ಕಿರುಚಿದ.

ಸೈಮಿ ಕಿಸಕ್ಕನೆ ನಕ್ಕಳು. ಆಗಲೇ ಟಾರ್ಚಿನ ಬೆಳಕು ಪಕ್ಕಕ್ಕೆ ಹೊರಳಿತು. ತೂತಿನ ಬದಿಯಿಂದ ಎರಡು ತೆಳು ವೈರುಗಳು ಹಲಗೆಯ ಮೇಲೆ ಸಾಗಿದ್ದವು. ತೂತಿನ ಹತ್ತಿರ ಅವನ್ನು ಯಾರೋ ಕತ್ತರಿಸಿದ್ದರು. ಆದರೆ ಅದಕ್ಕೆ ಮೊದಲು ಯಾರೋ ಬಹಳ ಅಕ್ಕರೆಯಿಂದ ಕೂರಿಸಿದ್ದರು. ಗೆರೆ ಎಳೆದಷ್ಟು ನೇರ. ಸಮಸಮ ದೂರಕ್ಕೆ ಸಣ್ಣ ಸಣ್ಣ ಮೊಳೆ. ತೂತಿನ ಅಂಚನ್ನೂ ಉಜ್ಜಿ ನಯ ಮಾಡಿದ್ದರು. ಸೈಮಿ ವೈರಿನ ಜೊತೆಗೇ ಬೆಳಕು ಸರಿಸುತ್ತ ಹೋದಳು. ಅದು ಮೇಲೆ ಹತ್ತಿ, ಬಲಗಡೆ ತಿರುಗಿ, ಲೂನನ್ನು ಹಾರಿಸುವ ಬಟನ್ನಿನ ಬುಡಕ್ಕೆ ಹೋಗಿ ಸೇರಿತ್ತು.

ಅವಳು ಬೆಳಕನ್ನು ಮತ್ತೆ ತೂತಿನ ಕಡೆ ಹೊರಳಿಸಿದಳು.

"ರಟ್ಟು ಹಿಡಿದ್ಯಾ? ಪುಟ್ಟಿ ಹಾಕ್ಲಾ?"

"ಬೇಡ! ತಡಿ ಅಪ್ಪ!"

ತೆವಳಿಕೊಂಡು ಹೊರಬಂದು, ಓಡಿ ಮುಂದೆ ಬಂದಳು. ಕೂದಲ ತುಂಬ ಜೇಡರ ಬಲೆ. "ಇದು ಬೀಗದ ತೂತಲ್ಲ. ಇಲ್ಲೊಂದು ಬಟನ್ ಇತ್ತು. ವೈರ್ ಇನ್ನೂ ಇದೆ."

"ಅಷ್ಟು ಕೆಳಗಾ? ಅಲ್ಲಿ ಬಟನ್ ಇಟ್ಟು ಕಾಲಲ್ಲಿ ಒತ್ತೋದಾ?"

"ಹೂಂ. ಮೊಣಕಾಲಲ್ಲಿ."

"ಒಳ್ಳೇ ಕತೆ! ಮೊಣಕಾಲು ಯಾಕೆ, ಆಡೋನ ಕೈಗೇನು..."

ಅಪ್ಪನ ಮಾತು ಅಲ್ಲೇ ನಿಂತಿತು. ಪುಟ್ಟಿ ಮೆತ್ತಿದ ಚಮಚ ಕೈಯಲ್ಲೇ ಉಳಿಯಿತು. ಅವನು ತೂತನ್ನು ನೋಡಿದ, ಬಟನ್ ನೋಡಿದ, ಆಮೇಲೆ ಸೈಮಿಯನ್ನು ನೋಡಿದ.

"ಮರಿ, ಇಷ್ಟು ಹೊತ್ತು ಹೇಗೆ ಆಡ್ತಾ ಇದ್ದೆ? ತೋರಿಸು."

ಸೈಮಿ ತೋರಿಸಿದಳು. ಸ್ಟಿಕ್ ಹಿಡಿದಳು, ಬಗ್ಗಿದಳು. ಅವಳ ಕೆನ್ನೆ ಪೆಟ್ಟಿಗೆಯ ಪಕ್ಕದ ಹಲಗೆಗೆ ಒತ್ತಿಕೊಂಡಿತು.

ಅಪ್ಪ ಚಮಚ ಕೆಳಗಿಟ್ಟ. "ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆ..."

"ಪೆದ್ದಿ," ಅಂದ ಅಪ್ಪ. "ನಾನು ದೊಡ್ಡ ಪೆದ್ದ."

ಅವನು ಪುಟ್ಟಿಯ ಡಬ್ಬದ ಮುಚ್ಚಳ ಒತ್ತಿ ದೂರ ಇಟ್ಟ. "ಎಲ್ಲಿ, ನಿಂತ್ಕೊಂಡು ಮೊಣಕಾಲು ಮುಂದೆ ತಾ."

ಸೈಮಿ ನಿಂತಳು. ಅವಳ ಮೊಣಕಾಲು ತೂತಿನಿಂದ ನಾಲ್ಕು ಬೆರಳು ಕೆಳಗೇ ಉಳಿಯಿತು. ಆ ಬಟನ್ ಯಾವ ಮಗುವಿಗೆಂದು ಕೂರಿಸಿದ್ದೋ, ಅದು ತನಗಿಂತ ಎತ್ತರವಿತ್ತು.

"ಪರವಾಗಿಲ್ಲ," ಅಂದಳು ಅವಳು ಥಟ್ಟನೆ. "ಕೆಳಗೆ ಹಲಗೆ ಇಟ್ಕೊಂಡು ನಿಲ್ತೀನಿ."

"ಹಲಗೆ ಮೇಲೆ ಒಂಟಿಕಾಲಲ್ಲಿ ಕುಣಿದರೆ ಲೂಗಿಂತ ಮುಂಚೆ ನೀನೇ ಬೀಳ್ತೀಯ." ಅಪ್ಪ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅವಳ ಪಕ್ಕದಲ್ಲಿ ಮಂಡಿಯೂರಿದ. "ನೆಟ್ಟಗೆ ನಿಲ್ಲು. ಆಡುವಾಗ ಹೇಗೆ ನಿಲ್ತೀಯೋ ಹಾಗೆ."

"ಹೊಸ ತೂತಾ? ಫ್ಯಾಕ್ಟರಿಯಿಂದ ಬಂದ ದಿನ..."

"ಫ್ಯಾಕ್ಟರಿಯವರು ನಿನ್ನನ್ನ ನೋಡಿರಲಿಲ್ವಲ್ಲ."

ಪೆನ್ಸಿಲ್ ಹಲಗೆಯನ್ನು ಮುಟ್ಟಿತು. ಈ ಸಲ ಅಪ್ಪ ಹಿಂದೆಮುಂದೆ ನೋಡಲಿಲ್ಲ.

"ಅಪ್ಪ, ಹಳೇದನ್ನೂ ಮುಚ್ಚಬೇಡ."

"ಅದ್ಯಾಕೆ?"

"ನಾನು ಬೆಳೆಯಲ್ವಾ?"

ಅಪ್ಪ ತಲೆ ಎತ್ತದೆಯೇ ನಕ್ಕ. ಸೈಮಿ ಮೇಲಿನಿಂದ ಅವನ ನೆತ್ತಿ ನೋಡಿದಳು. ನಡುವೆ ಕೂದಲು ತೆಳುವಾಗಿ, ಮರದ ಪುಡಿ ಕೂತಿತ್ತು. ಆ ಮಗುವಿನ ಹೆಸರು ಅವಳಿಗೆ ಗೊತ್ತಿಲ್ಲ. ಹುಡುಗನೋ ಹುಡುಗಿಯೋ ಅದೂ ತಿಳಿಯದು. ಆದರೆ ಆ ಬೌಲಿಂಗ್ ಹಾಲಿನಲ್ಲಿ ಒಂದು ದಿನ ಯಾರೋ ಹೀಗೇ ನೆಲದ ಮೇಲೆ ಮಂಡಿಯೂರಿ, ಹೀಗೇ ತಲೆ ಬಗ್ಗಿಸಿ, ಒಂದು ಮೊಣಕಾಲಿನ ಎತ್ತರವನ್ನು ಅಳೆದಿದ್ದರು.

ಗೆರೆ ತಪ್ಪಬಾರದೆಂದು ಸೈಮಿ ಉಸಿರು ಬಿಗಿಹಿಡಿದು ನಿಂತಳು.