ನಾಯಿಮರಿಯ ಊಟದ ಬಟನ್

"ಅಜ್ಜೀ! ಮರಿ ಮಲಗ್ಬುಟ್ಟೈತೆ! ನೀನು ಊಟ ಹಾಕ್ಲೇ ಇಲ್ವಾ?"

ಮಧುಶ್ರೀ ಸ್ಕೂಲ್ ಬ್ಯಾಗನ್ನೂ ಇಳಿಸಿರಲಿಲ್ಲ. ಅವಳ ಅಂಗೈಯಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡದೊಂದು ನೀಲಿ ಗೇಮ್ ಇತ್ತು. ಅದರ ಪುಟಾಣಿ ಸ್ಕ್ರೀನಿನೊಳಗೆ ಕಪ್ಪು ಚುಕ್ಕಿಗಳ ನಾಯಿಮರಿ. ಅದಕ್ಕೆ ಹೊತ್ತು ಹೊತ್ತಿಗೆ ಊಟ ಕೊಡಬೇಕು, ಆಡಿಸಬೇಕು, ಕಕ್ಕ ಮಾಡಿದರೆ ತೊಳೆಯಬೇಕು. ಮರೆತರೆ ಸತ್ತೇ ಹೋಗುತ್ತದೆ. ಈಗ ಮರಿ ಮುದುಡಿ ಮಲಗಿತ್ತು. ಅದರ ತಲೆಯ ಮೇಲೆ ಬುರುಡೆಯ ಚಿತ್ರ ಮಿನುಗುತ್ತಿತ್ತು. ಬುರುಡೆ ಬಂತು ಅಂದರೆ ಕಾಯಿಲೆ.

"ಹಾಕ್ದೆ ಕಣವ್ವ," ಅಂದಳು ಅಜ್ಜಿ ಗುರುಶಾಂತಮ್ಮ. "ಕುಂಯ್ ಅಂದಾಗೆಲ್ಲ ಐಸ್‌ಕ್ರೀಮ್ ಕೊಟ್ಟೆ. ಹತ್ತು ಸಲ ಆಗೈತೆ."

"ಬರೀ ಐಸ್‌ಕ್ರೀಮಾ? ಊಟದ ಬಟನ್ ತೋರ್ಸಿದ್ನಲ್ಲ!"

ಅಜ್ಜಿ ಮುಖ ಆಚೆ ತಿರುಗಿಸಿದಳು. "ಅದು ಕೋಳಿ ಕಾಲು."

ಮಧುಶ್ರೀ ಬಗ್ಗಿ ನೋಡಿದಳು. ಹೌದು, ಕೋಳಿ ಕಾಲೇ. ರಜೆಯ ಮೂರು ದಿನವೂ ಒತ್ತಿದ್ದರೂ ಅವಳಿಗೆ ಅದು ಬರೀ 'ಊಟ' ಆಗಿತ್ತು.

"ಬೆಳಗಾಗೆದ್ದು ಲಿಂಗ ಹಿಡಿಯೋ ಕೈ ಇದು. ಹೆಂಗವ್ವ ಒತ್ತಲಿ? ಅದ್ರಲ್ಲಿ ಅನ್ನ ಹಾಲು ಇಲ್ವಾ? ನಮ್ಮ ನಾಯಿ ಕೆಂಚ ಅನ್ನ ಹಾಲು ತಿಂದೇ ಹದಿನಾಕು ವರ್ಷ ಬಾಳಿತ್ತು."

"ಅಯ್ಯೋ, ಇದು ಗೇಮ್ ಅಜ್ಜಿ! ನಿಜವಾದ ಕೋಳಿ ಅಲ್ಲ!"

"ನಿಜವಾದ ನಾಯೀನೂ ಅಲ್ವಲ್ಲ. ಮತ್ತೆ ನೀನ್ಯಾಕೆ ಅಳ್ತಾ ಇದೀಯ?"

ಮಧುಶ್ರೀ ತೋಳಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮರಿ ಅವಳದ್ದಲ್ಲ, ಅವಳ ಕ್ಲಾಸಿನ ಅಭಿಲಾಷನದು. ಟಾನ್ಸಿಲ್ ಆಪರೇಷನ್ನಿಗೆಂದು ಹಾಸನಕ್ಕೆ ಹೋಗುವಾಗ ಕೊಟ್ಟು ಹೋಗಿದ್ದ. "ಹದಿನೇಳು ದಿನ ಬದುಕಿಸಿದೀನಿ ಕಣೇ. ಕ್ಲಾಸಲ್ಲಿ ಯಾರ ಮರೀನೂ ಇಷ್ಟು ದಿನ ಉಳಿದಿಲ್ಲ. ನಿನ್ನ ನಂಬಿ ಕೊಡ್ತಿದೀನಿ," ಅಂದಿದ್ದ.

ಮಧುಶ್ರೀ ಮೂರು ಸಲ ಇಂಜೆಕ್ಷನ್ ಬಟನ್ ಒತ್ತಿದಳು. ಬುರುಡೆ ಮಾಯವಾಯಿತು. ಎರಡು ಊಟ ಹಾಕಿದಳು. ಮರಿ ಎದ್ದು ಬಾಲ ಅಲ್ಲಾಡಿಸಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಭಿಲಾಷನ ಅಮ್ಮ ಸುಮಿತ್ರಮ್ಮ. "ಇವ್ನು ಮಾತಾಡಂಗಿಲ್ಲ ಅಂದವ್ರೆ ಡಾಕ್ಟ್ರು. ತಲೆ ಮೇಲೆ ಎರಡು ಕೈ ಇಟ್ಕೊಂಡು, ನಾಲಿಗೆ ಹೊರಗೆ ಹಾಕಿ ಏನೋ ಕೇಳ್ತಾವ್ನೆ. ಫೋನ್ ಮಾಡು ಅಂತ ಒಂದೇ ಹಟ. ಏನಮ್ಮಾ ಅದು?"

"ಚೆನ್ನಾಗೈತೆ ಅಂತ ಹೇಳಿ ಆಂಟಿ," ಅಂದಳು ಮಧುಶ್ರೀ. ಫೋನ್ ಇಟ್ಟು ಮರಿಯನ್ನು ಮತ್ತೊಮ್ಮೆ ನೋಡಿದಳು. ನಾಳೆ?

ಸ್ಕೂಲಿಗೆ ಒಯ್ಯುವ ಹಾಗಿಲ್ಲ. ಕುಂಯ್ ಎಂದ ಮೂರು ಗೇಮುಗಳನ್ನು ಹೆಡ್‌ಮಾಸ್ಟರು ಆಗಲೇ ಬೀರುವಿನಲ್ಲಿ ಹಾಕಿ ಬೀಗ ಜಡಿದಿದ್ದರು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಅಮ್ಮ ಅಂಗನವಾಡಿ ಟೀಚರ್. ಹಗಲು ಮನೆಯಲ್ಲಿರುವವಳು ಅಜ್ಜಿಯೊಬ್ಬಳೇ.

ಬೆಳಗ್ಗೆ ಮಧುಶ್ರೀ ಗೇಮನ್ನು ಅಜ್ಜಿಯ ಮುಂದಿಟ್ಟಳು. "ಒತ್ತಲ್ಲ ಅಂದ್ರೆ ಬಿಡು. ಸಾಯ್ಲಿ," ಅಂದು, ತಿರುಗಿಯೂ ನೋಡದೆ ಬಸ್ಸಿಗೆ ಓಡಿದಳು.

ಅಂದು ಸಮಾಜದ ಟೆಸ್ಟ್ ಇತ್ತು. ಕರ್ನಾಟಕದ ನಕ್ಷೆ ಬರೆಯುತ್ತಾ ಹಾಸನಕ್ಕೆ ಚುಕ್ಕಿ ಇಡುವಾಗ ಅಭಿಲಾಷನ ನೆನಪಾಯಿತು. ತನ್ನೂರಿಗೆ ಹತ್ತಿರದ ಸಕಲೇಶಪುರಕ್ಕೆ ಚುಕ್ಕಿ ಇಡುವಾಗ ತಾನು ಅಜ್ಜಿಗೆ ಅಂದ ಮಾತು ನೆನಪಾಯಿತು.

ಸಂಜೆ ಆನೇಮಹಲ್‌ನಲ್ಲಿ ಬಸ್ಸಿಳಿದು ಬಂದರೆ ಮನೆಗೆ ಚಿಲಕ ಹಾಕಿತ್ತು. ಎದುರು ಮನೆಯಿಂದ "ಕುಂಯ್" ಎಂದು ಕೇಳಿಸಿತು.

ಅದು ಜೀಪ್ ಓಡಿಸುವ ಕುಳ್ಳಯ್ಯನ ಮನೆ. ರಿಪೇರಿಗೆ ನಿಂತ ಜೀಪು ಅಂಗಳದಲ್ಲಿತ್ತು. ಒಣಮೀನು ಹುರಿಯುವ ವಾಸನೆ ರಸ್ತೆವರೆಗೂ ಬರುತ್ತಿತ್ತು. ಜಗಲಿಯ ಮೇಲೆ, ಮೂಗಿಗೆ ಸೆರಗು ಹಿಡಿದು, ಅಜ್ಜಿ ಕೂತಿದ್ದಳು! ಅವಳು ಆ ಜಗಲಿ ಹತ್ತಿದ್ದನ್ನು ಮಧುಶ್ರೀ ಯಾವತ್ತೂ ನೋಡಿರಲಿಲ್ಲ.

"ಕುಳ್ಳಯ್ಯ, ಕೂಗ್ತು ನೋಡಪ್ಪ," ಅಂದಳು ಅಜ್ಜಿ.

ಕುಳ್ಳಯ್ಯ ಗ್ರೀಸಿನ ಕೈಯನ್ನು ಲುಂಗಿಗೆ ಒರೆಸಿಕೊಂಡು ಜೀಪಿನಡಿಯಿಂದ ಎದ್ದು ಬಂದ. "ಇದೇನು ಅಮ್ಮಾರೆ, ಹಸಿಗೂಸಾ? ಗಂಟೆಗೊಂದು ಸಲ!" ಅಜ್ಜಿ ಗೇಮನ್ನು ಚಾಚಿ ಮುಖ ತಿರುಗಿಸಿಕೊಂಡಳು. ಕುಳ್ಳಯ್ಯ ಕಿರುಬೆರಳಲ್ಲಿ ಒತ್ತಿದ. "ಹೂಂ, ಇನ್ನೊಂದು ಕಾಲು ನುಂಗ್ತು. ಹಬ್ಬದಲ್ಲಿ ನಂಗೂ ಇಷ್ಟು ಸಿಗಾಕಿಲ್ಲ!"

ಆಗ ಮಧುಶ್ರೀ ಅವನ ಕಣ್ಣಿಗೆ ಬಿದ್ದಳು. "ಬಂದ್ಯಾ ಮಾರಾಯ್ತಿ! ಹತ್ತು ಗಂಟೆಗೆ ಬಂದ ನಿಮ್ಮಜ್ಜಿ ಇನ್ನೂ ಎದ್ದಿಲ್ಲ. ನೀರೊಂದು ಕುಡಿದ್ರು. ಮನೇಗೆ ಹೋಗಿ ಉಂಡು ಬನ್ನಿ ಅಂದ್ರೆ, ಅಷ್ಟ್ರಲ್ಲಿ ಮರಿಗೆ ಹಸಿವಾದ್ರೆ ಅಂತಾರೆ."

ಮಧುಶ್ರೀ ಅಜ್ಜಿಯ ಮುಖ ನೋಡಿದಳು. "ನೀನು ಉಂಡೇ ಇಲ್ವಾ?"

"ಉಂಡ್ರಾಯ್ತು ಬಿಡವ್ವ. ಟೆಸ್ಟ್ ಹೆಂಗೆ ಮಾಡ್ದೆ?"

ಇಬ್ಬರೂ ಕೈ ಹಿಡಿದುಕೊಂಡು, ಲಾರಿಗಳೆಲ್ಲ ಹೋದ ಮೇಲೆ ರಸ್ತೆ ದಾಟಿದರು. ಅಜ್ಜಿ ಅಡುಗೆಮನೆಯಲ್ಲಿ ಮಣೆ ಹಾಕಿ ಕೂತು ಉಸ್ಸಪ್ಪಾ ಅಂದಳು. ಮಧುಶ್ರೀ ತಟ್ಟೆ ಇಟ್ಟಳು, ಲೋಟಕ್ಕೆ ನೀರು ತುಂಬಿಸಿದಳು.

ಕುಂಯ್ ಕುಂಯ್.

ಅಜ್ಜಿ ತಟ್ಟೆಯ ಮುಂದೆ ಕೈ ಕಟ್ಟಿ ಕೂತಳು. ಮಧುಶ್ರೀ ಗೇಮ್ ತೆಗೆದುಕೊಂಡು ಹಿತ್ತಿಲ ಬಾಗಿಲಿಗೆ ಹೋದಳು. ಅಜ್ಜಿಗೆ ಸ್ಕ್ರೀನ್ ಕಾಣದ ಹಾಗೆ ಬೆನ್ನು ತಿರುಗಿಸಿ ನಿಂತು, ಒತ್ತಿದಳು.

"ತಿಂತಾ?" ಒಳಗಿನಿಂದ ಅಜ್ಜಿ ಕೇಳಿದಳು.

"ತಿಂತು."

"ಹೊಟ್ಟೆ ತುಂಬ್ತಾ?"

"ತುಂಬ್ತು ಅಜ್ಜಿ."

"ಹಂಗಾರೆ ನಂಗೂ ಒಸಿ ಅನ್ನ ಬಡ್ಸವ್ವ."

ಮಧುಶ್ರೀ ಗೇಮನ್ನು ಕಿಟಕಿಯ ಮೇಲಿಟ್ಟಳು. ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡಳು. ಆಮೇಲೆ ಬಂದು ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.